ತೂಕದಲ್ಲಿ ಮೋಸ ಮಾಡಿಸುತ್ತಿದ್ದಾರೆ, ಭಾನುವಾರ ಚರ್ಚಿಗೆ ಹೋಗಲು ಕಾಲು ಏಳುತ್ತಿಲ್ಲ

ತೂಕದ ಚೀಟಿ (ಮಂಡ್ಯ) · ಮಂಗಳವಾರ ರಾತ್ರಿ 10:20

ಎಲ್ಲರಿಗೂ ವಂದನೆ. ನನಗೆ 34 ವರ್ಷ. ಕಬ್ಬು ತೂಗುವ ಒಂದು ವೇಬ್ರಿಡ್ಜಿನಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಜಾಗದ ಹೆಸರು, ಮಾಲೀಕರ ಹೆಸರು ಹೇಳುವುದಿಲ್ಲ. ದಯವಿಟ್ಟು ಕೇಳಬೇಡಿ.

ಲೋಡ್ ಟ್ರ್ಯಾಕ್ಟರ್ ಬರುತ್ತದೆ, ತೂಗುತ್ತೇವೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ತೂಗುತ್ತೇವೆ. ಲೋಡ್ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಕಬ್ಬಿನ ತೂಕ. ಸೋಗೆ, ತರಗು, ಮಣ್ಣು ಅಂತ ಸ್ವಲ್ಪ ಕಡಿತ ಮೊದಲಿಂದಲೂ ಇದೆ, ಅದು ರೈತರಿಗೂ ಗೊತ್ತು. ಆದರೆ ಎರಡು ಹಂಗಾಮಿನಿಂದ ನಮ್ಮಲ್ಲಿ ಅದರ ಮೇಲೆ ಲೋಡಿಗೆ ಇನ್ನೂ ಒಂದೂವರೆ ಕ್ವಿಂಟಲ್ ಕಡಿಮೆ ತೋರಿಸುವ ಹಾಗೆ ಕಂಪ್ಯೂಟರಿನಲ್ಲೇ ಮಾಡಿಟ್ಟಿದ್ದಾರೆ. ಇದು ನನಗೆ ಗೊತ್ತು, ಮಾಲೀಕರಿಗೆ ಗೊತ್ತು, ಮಾಡಿಕೊಟ್ಟವನಿಗೆ ಗೊತ್ತು. ಚೀಟಿ ಹರಿದು ಕೊಡುವವನು ನಾನು. ರೈತರು ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು 'ಬರ್ತೀನಣ್ಣ' ಅಂತ ಹೇಳಿ ಹೋಗುತ್ತಾರೆ.

ಮೂರು ವಾರದ ಹಿಂದೆ ಚರ್ಚಿನಲ್ಲಿ ಪಾಠ ಓದುವ ಸರದಿ ನನ್ನದಿತ್ತು. ಜ್ಞಾನೋಕ್ತಿ 11. ಮೊದಲನೇ ವಚನವೇ ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ. ಗಂಟಲು ಕಟ್ಟಿಕೊಂಡಿತು. ಎಲ್ಲರೂ ಶೀತ ಆಗಿದೆ ಅಂದುಕೊಂಡರು. ಅವತ್ತಿನಿಂದ ನಾನು ಆರಾಧನೆಗೆ ಹೋಗಿಲ್ಲ. ಹೆಂಡತಿಗೆ ಡ್ಯೂಟಿ ಇದೆ ಅಂತ ಸುಳ್ಳು ಹೇಳಿದೆ.

ಮಾಲೀಕರನ್ನು ಒಂದು ಸಲ ಕೇಳಿದೆ. 'ನೀನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ, ಕಾಲ ಹಾಗಿದೆ' ಅಂದರು. ನಿಜವೂ ಹೌದು ಅನ್ನಿಸುತ್ತದೆ. ಸುತ್ತ ನೋಡಿದರೆ ಯಾರು ಸರಿಯಾಗಿದ್ದಾರೆ? ಸಂಬಳ 19,000. ಇಬ್ಬರು ಮಕ್ಕಳು. ಸಂಘದ ಸಾಲದ ಕಂತು ವಾರಕ್ಕೊಂದು ಬರುತ್ತದೆ. ಇಂಥ ಕಾಲದಲ್ಲಿ ವಿಶ್ವಾಸಿಯಾಗಿ ಬದುಕುವುದು ಹೇಗೆ, ಯಾರಾದರೂ ಬದುಕಿ ತೋರಿಸಿದವರು ಇದ್ದರೆ ಹೇಳಿ.

ಹೊಸ ಬೆಳಕು · ರಾತ್ರಿ 10:31

ನಾಳೆಯೇ ಕೆಲಸ ಬಿಡಿ ಬ್ರದರ್. ಮತ್ತಾಯ 6:33. ಮೊದಲು ದೇವರ ರಾಜ್ಯ, ಉಳಿದದ್ದೆಲ್ಲ ಆತನೇ ಕೊಡುತ್ತಾನೆ. ಇದರಲ್ಲಿ ಯೋಚನೆ ಮಾಡುವುದು ಏನಿದೆ?

ಗಂಜಾಂ ಅಕ್ಕ · ರಾತ್ರಿ 10:44

ತಮ್ಮಾ, ನಾಳೆ ಬಿಟ್ಟರೆ ನಾಳಿದ್ದು ಆ ಮನೆಗೆ ಅಕ್ಕಿ ಯಾರು ತರುತ್ತಾರೆ? ನೀನು ತರುತ್ತೀಯಾ? ವಚನ ಸರಿಯಾಗಿಯೇ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ದೇವರು ಯಾರ ಕೈಯಿಂದ ಕೊಡುತ್ತಾನೆ ಅನ್ನುವುದನ್ನೂ ಯೋಚಿಸಬೇಕು ಅಲ್ವಾ.

ಚೀಟಿ ತಮ್ಮ, ಮೊದಲು ಹೆಂಡತಿಗೆ ನಿಜ ಹೇಳಪ್ಪ. ಈ ಭಾರ ಒಬ್ಬನೇ ಹೊರುವಂಥದ್ದಲ್ಲ.

ಹೊಸ ಬೆಳಕು · ರಾತ್ರಿ 10:52

ಅಕ್ಕಾ ನಾನು ಹಗುರವಾಗಿ ಹೇಳಿಲ್ಲ. ಕಾಲ್ ಸೆಂಟರಿನಲ್ಲಿ ಸುಳ್ಳು ಹೇಳಿ ಸಾಲ ಮಾರಿಸುತ್ತಿದ್ದರು ಅಂತ ನಾನೇ ಕೆಲಸ ಬಿಟ್ಟವನು. ಆದರೆ ನಾನು ಒಂಟಿ, ಅಪ್ಪ ಅಮ್ಮನ ಮನೆ ಇತ್ತು. ಅದನ್ನು ಒಪ್ಪುತ್ತೇನೆ.

ಹೂಟಗಳ್ಳಿ ಫಿಟ್ಟರ್ · ರಾತ್ರಿ 11:15

ಬದುಕಿ ತೋರಿಸಿದವರು ಅಂತ ಕೇಳಿದಿರಿ. ನಾನು ದೊಡ್ಡ ವಿಶ್ವಾಸಿ ಏನಲ್ಲ, ನಡೆದದ್ದನ್ನು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ಒಂದು ಕಾರ್ಖಾನೆಯಲ್ಲಿ ನೈಟ್ ಶಿಫ್ಟ್. ಟೆಸ್ಟ್ ಮಾಡದ ಪೀಸುಗಳಿಗೆ ಟೆಸ್ಟ್ ಆಗಿದೆ ಅಂತ ರಿಜಿಸ್ಟರಿಗೆ ಸಹಿ ಹಾಕಿಸುತ್ತಿದ್ದರು. ಎಲ್ಲರೂ ಹಾಕುತ್ತಿದ್ದರು, ನಾನೂ ಆರು ತಿಂಗಳು ಹಾಕಿದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದಾಗ ಫಾದರ್ ಒಂದೇ ಪ್ರಶ್ನೆ ಕೇಳಿದರು. 'ಆ ಪೀಸು ಹಾಕಿದ ಗಾಡಿಯಲ್ಲಿ ನಿನ್ನ ಮಗು ಕೂತರೆ ಸಹಿ ಹಾಕುತ್ತೀಯಾ?' ಮಾರನೇ ದಿನ ಹಾಕಲಿಲ್ಲ.

ಆಮೇಲೆ ಏನಾಯಿತು ಅಂತ ಕೇಳಿ. ನನ್ನನ್ನು ಲೋಡಿಂಗಿಗೆ ಹಾಕಿದರು. ಓವರ್‌ಟೈಮ್ ನಿಂತಿತು. ಜೊತೆಯವರು ಊಟಕ್ಕೆ ಕರೆಯುವುದನ್ನು ಬಿಟ್ಟರು, ಅದೇ ಎಲ್ಲಕ್ಕಿಂತ ಕಷ್ಟ ಆಗಿದ್ದು. ಒಂದೂವರೆ ವರ್ಷ ಹಾಗೇ ಇದ್ದೆ. ಪವಾಡ ಆಗಲಿಲ್ಲ. ಕಂಪನಿಯವರು ಬಂದು ತಪ್ಪಾಯಿತು ಅನ್ನಲಿಲ್ಲ. ಆಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು, ಸಂಬಳ ಎರಡು ಸಾವಿರ ಕಡಿಮೆಗೆ ಸೇರಿದೆ. ರಾತ್ರಿ ನಿದ್ದೆ ಬರುತ್ತದೆ. ಅಷ್ಟೇ.

ಲೆಕ್ಕ ಪಕ್ಕಾ · ಬುಧವಾರ ಬೆಳಿಗ್ಗೆ 7:05

ಒಂದು ಲೆಕ್ಕ ಹಾಕಿದೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕಾರ್ಖಾನೆಗಳಿಗೆ ನಿಗದಿ ಮಾಡಿದ್ದ ಬೆಲೆ ಕ್ವಿಂಟಲ್‌ಗೆ 340 ರೂಪಾಯಿ, ಕಬ್ಬಿನಲ್ಲಿ ಶೇಕಡಾ 10.25ರ ಸಕ್ಕರೆ ಇಳುವರಿಗೆ. ನಿಮ್ಮಲ್ಲಿ ಎಷ್ಟು ಕೊಡುತ್ತಾರೋ ಬೇರೆ. ಆ ಲೆಕ್ಕದಲ್ಲೇ ಹಿಡಿದರೆ ಒಂದೂವರೆ ಕ್ವಿಂಟಲ್ ಅಂದರೆ ಲೋಡಿಗೆ 510 ರೂಪಾಯಿ. ದಿನಕ್ಕೆ 60 ಲೋಡ್ ಬಂದರೆ 30,600. ನಿಮ್ಮ ಒಂದೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ ಮಾಲೀಕರಿಗೆ ಒಂದೇ ದಿನದಲ್ಲಿ ಬರುತ್ತದೆ.

ಕಾನೂನಿನ ಮಾತು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ. ವೇಬ್ರಿಡ್ಜನ್ನು ಇಲಾಖೆಯವರಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು, ಆಮೇಲೆ ಅದನ್ನು ತಿದ್ದುವುದು ಅಪರಾಧ. ದೂರು ಕೊಡಬಹುದು. ಆದರೆ ಗೊತ್ತಿದ್ದೂ ಚೀಟಿ ಕೊಟ್ಟವರನ್ನೂ ಪ್ರಶ್ನೆ ಮಾಡಬಹುದು, ಹಾಗಾಗಿ ಮೊದಲು ವಕೀಲರನ್ನು ಕಾಣಿ. ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ಆದಾಯ ಕಡಿಮೆ ಇರುವವರಿಗೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ.

ಕಬ್ಬಿನ ಗದ್ದೆ (ಮದ್ದೂರು) · ಬೆಳಿಗ್ಗೆ 8:40

ನಾನು ಕ್ರಿಶ್ಚಿಯನ್ ಅಲ್ಲ. ಯಾರೋ ಇದನ್ನು ಕಳಿಸಿದರು, ಓದಿದೆ. ಓದಿ ಹೊಟ್ಟೆ ಉರಿಯಿತು.

ಎಲ್ಲರೂ ಅವರ ಸಂಬಳ, ಅವರ ನಿದ್ದೆ, ಅವರ ಆತ್ಮದ ವಿಷಯ ಮಾತಾಡುತ್ತಿದ್ದೀರಿ. ಚೀಟಿ ತಗೊಂಡು ಹೋದವರ ಮಾತು ಒಬ್ಬರೂ ಎತ್ತಲಿಲ್ಲ. ನನಗೆ ಎರಡು ಎಕರೆ. ಹೋದ ವರ್ಷ ಹನ್ನೊಂದು ಲೋಡ್ ಹೋಯಿತು. ಮೇಲಿನವರ ಲೆಕ್ಕದಲ್ಲಿ 5,610 ರೂಪಾಯಿ. ನನ್ನ ಮಗಳ ಹಾಸ್ಟೆಲ್ಲಿಗೆ ಎರಡು ತಿಂಗಳು ಕಟ್ಟುವ ದುಡ್ಡು ಅದು. ಹದಿಮೂರು ತಿಂಗಳು ಬೆಳೆಸಿದ ಕಬ್ಬು. ನಾಲೆಗೆ ಯಾವಾಗ ನೀರು ಬಿಡುತ್ತಾರೆ ಅಂತ ಕೆ.ಆರ್.ಎಸ್ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡಿಕೊಂಡು, ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ಎದ್ದು ಹೋಗಿ ಮೋಟಾರು ಹಾಕಿ, ಕಡಿಯುವವರಿಗೆ ಮುಂಗಡ ಕೊಟ್ಟು, ಕಟಾವಿಗೆ ಅವರಿವರ ಕಾಲು ಹಿಡಿದು, ಕೊನೆಗೆ ಆ ಕಬ್ಬು ನಿಮ್ಮ ತೂಕದ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿ ನೀವು ಒಂದು ಗುಂಡಿ ಒತ್ತುತ್ತೀರಿ.

ನನಗೆ ನಿಮ್ಮ ಮೇಲೆ ಅನುಮಾನ ಇದ್ದೇ ಇತ್ತು. ಈಗ ನಿಮ್ಮಲ್ಲೇ ಒಬ್ಬರು ಹೌದು ಅಂತ ಬರೆದಿರುವುದನ್ನು ಮೊದಲ ಸಲ ನೋಡುತ್ತಿದ್ದೇನೆ.

ತೂಕದ ಚೀಟಿ · ಬೆಳಿಗ್ಗೆ 9:10

ಅಣ್ಣಾ, ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಉತ್ತರ ಇಲ್ಲ. ನಮ್ಮ ಅಪ್ಪನೂ ಅರ್ಧ ಎಕರೆ ಕಬ್ಬು ಬೆಳೆದವರೇ. ನೀವು ಹೇಳಿದ್ದು ಸರಿ, ನಾನು ನನ್ನದನ್ನೇ ನೋಡಿಕೊಂಡೆ.

ಮಂಡಿ ಮೊಹಲ್ಲಾ ಮೇಷ್ಟ್ರು · ಬೆಳಿಗ್ಗೆ 10:25

ಕಾಲ ಕೆಟ್ಟಿದೆ ಅನ್ನುವ ಮಾತನ್ನು ನಾನು ಅರವತ್ತು ವರ್ಷದಿಂದ ಕೇಳುತ್ತಿದ್ದೇನೆ. ಆದರೂ ಈಗ ಕೆಟ್ಟಿರುವುದು ನಿಜವೇ. ಮೊದಲು ತಪ್ಪು ಮಾಡಿದವರು ತಲೆ ತಗ್ಗಿಸುತ್ತಿದ್ದರು. ಈಗ ಹೇಗೆ ಮಾಡಿದೆ ಅಂತ ಹೇಳಿಕೊಳ್ಳುತ್ತಾರೆ. ಲಂಚಕ್ಕೆ ಖರ್ಚು ಅಂತ ಹೆಸರು, ವರದಕ್ಷಿಣೆಗೆ ಉಡುಗೊರೆ ಅಂತ ಹೆಸರು. ಹೆಸರು ಬದಲಾಯಿಸಿದರೆ ನಾಚಿಕೆ ಹೋಗುತ್ತದೆ.

ಹಿಂದೆ ನಮ್ಮವರನ್ನು ಜನ ನಂಬುತ್ತಿದ್ದದ್ದಕ್ಕೆ ಕಾರಣ ಇತ್ತು. ಮೈಸೂರಿನ ನಮ್ಮ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಎಲ್ಲರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಶುರುವಾಯಿತು. ಯಾವ ಜಾತಿಯ ಹೆಂಗಸಾದರೂ ಹೆರಿಗೆಗೆ ಅಲ್ಲಿಗೆ ಬರುತ್ತಿದ್ದರು. ವೆಸ್ಲಿ ಮಿಷನ್ನಿನ ಪ್ರೆಸ್ಸಿನಲ್ಲಿ ಅಚ್ಚಾದ ಪಠ್ಯಪುಸ್ತಕ ಓದಿ ಈ ಸೀಮೆಯ ಎಷ್ಟೋ ಮಕ್ಕಳು ಅಕ್ಷರ ಕಲಿತರು. ಹಾರ್ಡ್ವಿಕ್ ಶಾಲೆಯಲ್ಲಿ ಎಲ್ಲ ಧರ್ಮದ ಹುಡುಗರೂ ಓದಿದರು. ಉಪ್ಪು ಅಂದರೆ ಅದು. ಮತ್ತಾಯ 5ರಲ್ಲಿ ಯೇಸು ಹೇಳಿದ್ದು ನೀವು ಭೂಮಿಗೆ ಉಪ್ಪು, ಉಪ್ಪು ಸಪ್ಪೆಯಾದರೆ ಜನ ತುಳಿದುಕೊಂಡು ಹೋಗುತ್ತಾರೆ ಅಂತ.

ಚೀಟಿಯವರೇ, ಉಪ್ಪು ಸಾರಿನ ಒಳಗೆ ಇರಬೇಕು, ಹೊರಗೆ ಕೂತು ಸಾರು ಕೆಟ್ಟಿದೆ ಅನ್ನಬಾರದು. ನೀವು ಒಳಗೆ ಇದ್ದೀರಿ. ಒಳಗಿದ್ದೂ ಸಪ್ಪೆಯಾಗಬೇಡಿ.

ಅಶೋಕಾ ರಸ್ತೆ · ಬೆಳಿಗ್ಗೆ 10:50

ಮೇಷ್ಟ್ರೇ ಸೂಪರ್. ನಮ್ಮ ಊರೇ ಹಾಗೆ ಸಾರ್. 1843ರಲ್ಲೇ ಮಹಾರಾಜರು ಫಿಲೋಮಿನಾ ಚರ್ಚಿನ ಎರಡು ಗೋಪುರ ಕಟ್ಟಿಸಿಕೊಟ್ಟ ಊರು ಇದು.

ಮಂಡಿ ಮೊಹಲ್ಲಾ ಮೇಷ್ಟ್ರು · ಬೆಳಿಗ್ಗೆ 11:02

ಸ್ವಲ್ಪ ತಿದ್ದುತ್ತೇನಪ್ಪ. 1843ರದ್ದು ಅದೇ ಜಾಗದಲ್ಲಿದ್ದ ಚಿಕ್ಕ ಚರ್ಚ್, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈಗ ನೀನು ನೋಡುತ್ತಿರುವ 175 ಅಡಿ ಗೋಪುರದ ಚರ್ಚಿಗೆ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು 1933ರಲ್ಲಿ. ನಾನು ಪ್ರಾಟೆಸ್ಟೆಂಟ್, ಆದರೂ ಆ ಗೋಪುರ ಬಸ್ಸಿನಿಂದ ಕಂಡರೆ ಊರು ಬಂತು ಅನ್ನಿಸುತ್ತದೆ.

ನೈಟ್ ಡ್ಯೂಟಿ (ನರ್ಸ್, ಮೈಸೂರು) · ಮಧ್ಯಾಹ್ನ 12:30

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮಜ್ಜಿ ಹೇಳುತ್ತಿದ್ದರು, ಅವರ ಹಳ್ಳಿಯ ಚರ್ಚಿನಲ್ಲಿ ಅವರ ಕೇರಿಯವರು ಹಿಂದೆ ಚಾಪೆಯ ಮೇಲೆ ಕೂರಬೇಕಿತ್ತಂತೆ, ಮುಂದಿನ ಬೆಂಚು ಬೇರೆಯವರಿಗೆ. ಯೇಸುವಿನ ಮೇಜಿನಲ್ಲೇ ಎರಡು ಲೋಟ. ಅದು ನೀತಿಯ ಕಾಲವಾ? ಆಗ ಅವರಿಗೆ ನಾಚಿಕೆ ಇತ್ತಾ? ಇರಲಿಲ್ಲ. ಕೆಟ್ಟದ್ದಕ್ಕೆ ಆಗಲೂ ಬೇರೆ ಹೆಸರು ಇತ್ತು, ಪದ್ಧತಿ ಅಂತ.

ಈಗಿನದ್ದೂ ಹೇಳುತ್ತೇನೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣು ಮಗುವಾ ಅಂತ ಪತ್ತೆ ಮಾಡಿ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ. ಬೆಲ್ಲ ಮಾಡುವ ಜಾಗ. 1994ರಿಂದ ಕಾಯ್ದೆ ಇದೆ, ಎಲ್ಲ ಸ್ಕ್ಯಾನಿಂಗ್ ರೂಮಿನಲ್ಲೂ ಬೋರ್ಡ್ ಇದೆ. ಆ ಸುದ್ದಿ ಬಂದಾಗ ಎಲ್ಲರೂ ಛೇ ಅಂದರು. ನನಗೆ ನೆನಪಾದದ್ದು ಬೇರೆ. ಅದಕ್ಕೆ ಎರಡು ವರ್ಷ ಮೊದಲು ನಮ್ಮದೇ ಪ್ರಾರ್ಥನಾ ಗುಂಪಿನ ಒಬ್ಬ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, 'ನೀನು ಆಸ್ಪತ್ರೆಯವಳಲ್ವಾ, ಎಲ್ಲಾದರೂ ನೋಡಿ ಹೇಳಿಸುತ್ತೀಯಾ, ಮೊದಲನೆಯದು ಹೆಣ್ಣು' ಅಂತ ಕೇಳಿದ್ದರು. ಕೈಯಲ್ಲಿ ಸತ್ಯವೇದ ಹಿಡಿದುಕೊಂಡೇ ಕೇಳಿದರು. ನಾನು ಆಗುವುದಿಲ್ಲ ಅಂದೆ. ಅಷ್ಟಕ್ಕೆ ನಿಲ್ಲದೆ ಆ ಸೊಸೆಯ ಹತ್ತಿರ ಕೂತು ಮಾತಾಡಿದೆ, ಪಾಪ ಅವಳಿಗೆ ಮಗು ಬೇಕಿತ್ತು. ಈಗ ಆ ಹುಡುಗಿ ಮೂರನೇ ವರ್ಷ ಮುಗಿಸಿದೆ, ಸಂಡೇ ಸ್ಕೂಲಿನಲ್ಲಿ ನನ್ನ ಸೀರೆ ಸೆರಗು ಹಿಡಿದೇ ಓಡಾಡುತ್ತದೆ. ಅತ್ತೆ ನನ್ನ ಜೊತೆ ಇವತ್ತಿಗೂ ಮಾತಾಡುವುದಿಲ್ಲ.

ಆದ್ದರಿಂದ ಲೋಕ ಕೆಟ್ಟಿದೆ, ನಾವು ಒಳ್ಳೆಯವರು ಅಂತ ಗೆರೆ ಎಳೆಯಬೇಡಿ. ಗೆರೆ ನಮ್ಮ ಚರ್ಚಿನ ಮಧ್ಯದಲ್ಲೇ ಹೋಗುತ್ತದೆ.

ಮಂಡಿ ಮೊಹಲ್ಲಾ ಮೇಷ್ಟ್ರು · ಮಧ್ಯಾಹ್ನ 1:15

ನಿಮ್ಮಜ್ಜಿಯ ಮಾತು ಸುಳ್ಳಲ್ಲಮ್ಮ. ನಾನೂ ಅಂಥದ್ದನ್ನು ನೋಡಿದ್ದೇನೆ, ನೋಡಿಯೂ ಸುಮ್ನೆ ಇದ್ದೆ. ನಾನು ಬರೆದದ್ದರಲ್ಲಿ ಅದನ್ನು ಬಿಟ್ಟಿದ್ದು ತಪ್ಪು.

ಗಂಜಾಂ ಅಕ್ಕ · ಮಧ್ಯಾಹ್ನ 2:40

ನಮ್ಮೂರಿನ ಕಥೆ ಒಂದು ನೆನಪಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ನಮ್ಮವರನ್ನು ನೋಡಿಕೊಳ್ಳಲು ಅಬ್ಬೆ ದ್ಯುಬೊವಾ ಅನ್ನುವ ಫ್ರೆಂಚ್ ಪಾದ್ರಿ ಬಂದರು. ಗಂಜಾಂ ಚರ್ಚಿಗೆ ಈಗಲೂ ಅವರ ಹೆಸರೇ. ಜನ ದೊಡ್ಡ ಸ್ವಾಮಿ ಅಂತ ಕರೆಯುತ್ತಿದ್ದರು. ಇಲ್ಲಿಯವರ ಹಾಗೇ ಬಟ್ಟೆ ಹಾಕಿಕೊಂಡು, ಇಲ್ಲಿಯವರ ಹಾಗೇ ಊಟ ಮಾಡಿಕೊಂಡು ಇದ್ದರು. ಈ ದೇಶದ ಪದ್ಧತಿಗಳ ಬಗ್ಗೆ ಅವರು ಬರೆದದ್ದರಲ್ಲಿ ನನಗೆ ಒಪ್ಪದ ಮಾತು ಬೇಕಾದಷ್ಟಿವೆ. ಆದರೆ ಸಿಡುಬು ಬಂದು ಮಕ್ಕಳು ಸಾಯುತ್ತಿದ್ದಾಗ ಹಳ್ಳಿ ಹಳ್ಳಿಗೆ ಹೋಗಿ ಲಸಿಕೆ ಹಾಕಿಸಿದರು. ಜನರ ಮನಸ್ಸಲ್ಲಿ ಉಳಿದದ್ದು ಅದು. ಊರು ಕೆಟ್ಟು ಹಾಳಾಗಿದ್ದಾಗ ಕೈಯಲ್ಲಿ ಆಗುವ ಒಂದು ಕೆಲಸ ಹಿಡಿದುಕೊಂಡರು.

ನಮ್ಮ ಕೈಯಲ್ಲಿ ಆಗುವ ಕೆಲಸ ಯಾವುದು ಅಂದರೆ, ಚೀಟಿ ತಮ್ಮ ಕೆಲಸ ಬಿಟ್ಟರೆ ಆ ಮನೆ ಬೀಳದ ಹಾಗೆ ನೋಡುವುದು. ಇಷ್ಟು ಜನ ಇಲ್ಲಿ ವಚನ ಹೇಳಿದ್ದೀರಿ. ಅದರ ಜೊತೆಗೆ ಒಬ್ಬೊಬ್ಬರೂ ಒಂದು ಫೋನ್ ಮಾಡಿದರೆ?

ಅಶೋಕಾ ರಸ್ತೆ · ಮಧ್ಯಾಹ್ನ 3:05

ಒಂದು ಸಣ್ಣ ಪ್ರಶ್ನೆ, ಬೇರೆ ವಿಷಯ. ಆಯುಧಪೂಜೆಗೆ ಎಲ್ಲ ಕಡೆ ಮೆಷಿನ್ನಿಗೆ ಕುಂಕುಮ ಇಟ್ಟು ಬೂದುಗುಂಬಳಕಾಯಿ ಒಡೆಯುತ್ತಾರಲ್ಲ, ಕೆಲಸದ ಜಾಗದಲ್ಲಿ ನೀವು ನಿಲ್ಲುತ್ತೀರಾ? ಕಡಲೆಪುರಿ, ಸ್ವೀಟು ಕೊಟ್ಟರೆ ತಿನ್ನುತ್ತೀರಾ? ನಮ್ಮ ಮನೆಯಲ್ಲಿ ಪ್ರತಿ ದಸರಾಕ್ಕೂ ಇದೇ ಜಗಳ.

ಹೊಸ ಬೆಳಕು · ಮಧ್ಯಾಹ್ನ 3:12

ತಿನ್ನಬಾರದು. ರಾಜಿ ಶುರುವಾಗುವುದೇ ಅಲ್ಲಿಂದ.

ಹೂಟಗಳ್ಳಿ ಫಿಟ್ಟರ್ · ಮಧ್ಯಾಹ್ನ 3:30

ನಾನು ಪಕ್ಕದಲ್ಲಿ ಗೌರವದಿಂದ ನಿಲ್ಲುತ್ತೇನೆ, ಪೂಜೆ ಮಾಡುವುದಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಬೇಜಾರು ಮಾಡಿಕೊಂಡಿಲ್ಲ. ಪುರಿ ಕೊಟ್ಟರೆ ಪ್ರೀತಿಯಿಂದ ಕೊಟ್ಟಿದ್ದು ಅಂತ ತಗೊಳ್ಳುತ್ತೇನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 8ನೇ ಅಧ್ಯಾಯ ಓದು. ತಿಂದರೂ ಲಾಭ ಇಲ್ಲ, ಬಿಟ್ಟರೂ ನಷ್ಟ ಇಲ್ಲ, ಆದರೆ ನಿನ್ನಿಂದ ಇನ್ನೊಬ್ಬರ ಮನಸ್ಸಾಕ್ಷಿ ಕೆಡಬಾರದು ಅಂತ ಇದೆ.

ಹೊಸ ಬೆಳಕು · ಮಧ್ಯಾಹ್ನ 3:38

ಅದೇ ಪತ್ರದ 10ನೇ ಅಧ್ಯಾಯವನ್ನೂ ಓದಿ ಅಣ್ಣ. ಅಲ್ಲಿ ಇಷ್ಟು ಸಡಿಲ ಇಲ್ಲ.

ಕಬ್ಬಿನ ಗದ್ದೆ · ಸಂಜೆ 4:10

ನೀವು ಪುರಿ ತಿನ್ನುತ್ತೀರೋ ಬಿಡುತ್ತೀರೋ, ನಮಗೆ ಅದರಿಂದ ನೋವಿಲ್ಲ. ಪೂಜೆ ಮಾಡಿದ ಮೆಷಿನ್ನಿನಲ್ಲೇ ನಮ್ಮವರು ತೂಕ ಹೊಡೆಯುತ್ತಾರೆ, ಪ್ರಾರ್ಥನೆ ಮಾಡಿ ಬಂದ ನೀವು ಚೀಟಿ ಕೊಡುತ್ತೀರಿ. ದೇವರಿಗೆ ಎರಡೂ ಕಾಣುತ್ತದೆ. ನಮ್ಮಮ್ಮ ಡೋರ್ನಹಳ್ಳಿ ಚರ್ಚಿನ ಸಂತ ಅಂತೋಣಿಗೆ ಹರಕೆ ಹೊತ್ತವರು, ಜೂನ್ 13ರ ಜಾತ್ರೆಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಯಾರೂ ನೀನು ಯಾವ ಧರ್ಮ ಅಂತ ಕೇಳಲಿಲ್ಲ. ಕಳ್ಳತನ ಮಾಡಬೇಡ ಅನ್ನುವುದು ನಿಮಗೊಬ್ಬರಿಗೇ ಹೇಳಿದ ಮಾತಲ್ಲ, ನಮ್ಮ ಮನೆಯಲ್ಲೂ ಅದನ್ನೇ ಹೇಳಿ ಬೆಳೆಸಿದ್ದಾರೆ.

ವೇದಿಕೆ ನಿರ್ವಾಹಕಿ · ಸಂಜೆ 4:25

ದಸರಾ ಚರ್ಚೆಗೆ ಬೇರೆ ಎಳೆ ಮಾಡೋಣ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ. ಕಬ್ಬಿನ ಗದ್ದೆಯವರೇ, ನೀವು ಇರಿ, ನಿಮ್ಮ ಮಾತು ಬೇಕು.

ಲೆಕ್ಕ ಪಕ್ಕಾ · ಸಂಜೆ 6:00

ಮೂಲ ಪ್ರಶ್ನೆಗೆ ಒಂದು ಪಕ್ಕದ ಪ್ರಶ್ನೆ. ನನ್ನ ಮನೆಯ ಖಾತೆ ಬದಲಾವಣೆಗೆ ಮೂರು ತಿಂಗಳು ಅಲೆಸಿದರು, ಒಂದು ಕಚೇರಿಯಲ್ಲಿ. ಎಂಟು ಸಾವಿರ ಕೊಟ್ಟರೆ ಒಂದು ದಿನದ ಕೆಲಸ ಅಂದರು. ನಾನು ಕೊಡಲಿಲ್ಲ, ಇನ್ನೂ ಆಗಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವವರೂ ಅಪರಾಧಿಯೇ, ಬಲವಂತಕ್ಕೆ ಕೊಟ್ಟರೆ 7 ದಿನದೊಳಗೆ ದೂರು ಕೊಡಬೇಕು. ಹೀಗಿದ್ದೂ ನಮ್ಮ ಚರ್ಚಿನವರೇ 'ಕೊಟ್ಟು ಮುಗಿಸಿ ಸಾರ್, ದೇವರು ಅರ್ಥ ಮಾಡಿಕೊಳ್ಳುತ್ತಾನೆ' ಅನ್ನುತ್ತಾರೆ. ದೇವರಿಗೆ ಅರ್ಥವಾಗುತ್ತದೆ ಅನ್ನುವುದನ್ನು ನಾವು ತುಂಬ ಅಗ್ಗವಾಗಿ ಹೇಳುತ್ತೇವೆ ಅಂತ ನನಗನ್ನಿಸುತ್ತದೆ.

ಹೂಟಗಳ್ಳಿ ಫಿಟ್ಟರ್ · ಸಂಜೆ 6:45

ಚೀಟಿಯವರು ಕೇಳದ ಇನ್ನೊಂದು ಪ್ರಶ್ನೆ ಇದೆ. ಇಲ್ಲಿವರೆಗೆ ಹೋದದ್ದಕ್ಕೆ ಏನು ಮಾಡುವುದು? ಲೂಕ 19ರಲ್ಲಿ ಜಕ್ಕಾಯ ಇದ್ದಾನೆ. ಸುಂಕದವನು, ರೋಮ್ ಸರ್ಕಾರದ ಪರವಾಗಿ ಜನರಿಂದ ಹೆಚ್ಚು ಕಿತ್ತುಕೊಳ್ಳುವ ಕೆಲಸ. ಯೇಸು ಅವನ ಮನೆಗೆ ಹೋದಾಗ ಅವನು ಅತ್ತು ಪ್ರಾರ್ಥನೆ ಮಾಡಿದೆ ಅಂತ ಹೇಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ ಅಂದ. ಆಮೇಲೆಯೇ ಯೇಸು ಈ ಮನೆಗೆ ಇವತ್ತು ರಕ್ಷಣೆ ಬಂತು ಅಂದದ್ದು.

ಹೊಸ ಬೆಳಕು · ಸಂಜೆ 6:58

ಆದರೆ ಅಣ್ಣಾ, ಕ್ಷಮೆ ಉಚಿತ ಅಲ್ವಾ? ನಾವು ಕೊಟ್ಟು ಕೊಂಡುಕೊಳ್ಳುವಂಥದ್ದಾ ಅದು?

ಹೂಟಗಳ್ಳಿ ಫಿಟ್ಟರ್ · ಸಂಜೆ 7:10

ಉಚಿತವೇ. ಜಕ್ಕಾಯ ಕೊಟ್ಟಿದ್ದಕ್ಕೆ ಯೇಸು ಮನೆಗೆ ಬರಲಿಲ್ಲ, ಮೊದಲೇ ಬಂದಿದ್ದ. ಬಂದ ಮೇಲೆ ಇವನಿಗೆ ಆ ದುಡ್ಡು ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ನೈಟ್ ಡ್ಯೂಟಿ · ಸಂಜೆ 7:20

ಸರಿ, ಆದರೆ ದುಡ್ಡು ಮಾಲೀಕರ ಜೇಬಿಗೆ ಹೋಗಿದೆ, ಇವರ ಜೇಬಿಗಲ್ಲ. 19,000 ಸಂಬಳದಲ್ಲಿ ನಾಲ್ಕರಷ್ಟು ಎಲ್ಲಿಂದ ತರುತ್ತಾರೆ? ಜೀವ ತಿನ್ನುವ ಹಾಗೆ ಮಾತಾಡಬೇಡಿ.

ಕಬ್ಬಿನ ಗದ್ದೆ · ರಾತ್ರಿ 8:15

ದುಡ್ಡು ಇವರಿಂದ ಬೇಡ. ನಮಗೂ ಕೂಲಿಯವರ ಕಷ್ಟ ಗೊತ್ತು. ಬೇಕಾಗಿರುವುದು ಒಂದೇ. ಚೀಟಿ ಬರೆದ ಕೈಯಿಂದಲೇ ನಿಜ ಏನು ಅಂತ ಬರೆದುಕೊಡಿ. ನಾವು ರೈತರು ಎಷ್ಟು ಸಲ ಕೂಗಿದ್ದೇವೆ, ತೂಕ ಸರಿ ಇಲ್ಲ ಅಂತ. ಹೊರಗಿನ ವೇಬ್ರಿಡ್ಜಿನಲ್ಲಿ ತೂಗಿಸಿಕೊಂಡು ಬಂದು ತೋರಿಸಿದ್ದೇವೆ. ದಾರಿಯಲ್ಲಿ ಕಬ್ಬು ಒಣಗಿದೆ, ಡೀಸೆಲ್ ಖಾಲಿಯಾಗಿದೆ ಅಂತ ಏನೋ ಒಂದು ಹೇಳಿ ಕಳಿಸುತ್ತಾರೆ. ಒಳಗಿನವರು ಒಬ್ಬರು ಹೇಳಿದರೆ ಯಾರೂ ಹಾಗೆ ಕಳಿಸುವುದಕ್ಕೆ ಆಗುವುದಿಲ್ಲ.

ತೂಕದ ಚೀಟಿ · ರಾತ್ರಿ 11:40

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಮೂರು ವಾರದಿಂದ ಊಟ ಸೇರದೇ ಇದ್ದದ್ದು ಇದಕ್ಕಾ ಅಂದಳು. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವಳು ಟೈಲರಿಂಗ್ ಮಾಡುತ್ತಾಳೆ, ತಿಂಗಳಿಗೆ ಐದು ಆರು ಸಾವಿರ. ಎರಡು ತಿಂಗಳು ತಡೆದುಕೊಳ್ಳಬಹುದು, ಮೂರನೆಯದು ಕಷ್ಟ.

ಭಯ ಇದೆ. ಸುಳ್ಳು ಹೇಳುವುದಿಲ್ಲ. ಮಾಲೀಕರು ಕೆಟ್ಟವರೇ ಅಂತಲೂ ಅಲ್ಲ, ನನ್ನ ಅಪ್ಪನ ಆಪರೇಷನ್ನಿಗೆ 40,000 ಕೊಟ್ಟವರು ಅವರೇ. ಅದೇ ನನ್ನ ಕಾಲು ಹಿಡಿಯುತ್ತಿದೆ.

ಗಂಜಾಂ ಅಕ್ಕ · ಗುರುವಾರ ಬೆಳಿಗ್ಗೆ 6:30

ತಮ್ಮಾ, ಅವರು ಕೊಟ್ಟಿದ್ದು ದೊಡ್ಡದು, ಅದನ್ನು ತೀರಿಸು. ಆದರೆ ಆ 40,000ದ ಬದಲು ಅವರಿಗೆ ಸಿಕ್ಕಬೇಕಾದದ್ದು ನಿನ್ನ ದುಡಿಮೆ, ಮದ್ದೂರಿನವರ ಕಬ್ಬಲ್ಲ.

ನಾನು ನಿನ್ನೆ ಸಂಜೆ ನಮ್ಮ ವಿನ್ಸೆಂಟ್ ಡಿ ಪಾಲ್ ಸಭೆಯವರ ಹತ್ತಿರ ಮಾತಾಡಿದೆ, ಹೆಸರು ಹೇಳದೆ. ಇದು 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲೇಜು ಹುಡುಗರು ಶುರು ಮಾಡಿದ ಸಂಘ. ಈಗ ನಮ್ಮ ಧರ್ಮಕೇಂದ್ರದಲ್ಲಿ ಎಂಟು ಹತ್ತು ಜನ ಇದ್ದಾರೆ, ಯಾರಿಗೂ ಗೊತ್ತಾಗದ ಹಾಗೆ ಮನೆಗೆ ರೇಷನ್ ಮುಟ್ಟಿಸುತ್ತಾರೆ. ನೀನು ಕ್ಯಾಥೊಲಿಕ್ ಅಲ್ಲ ಅಂದೆ. ಹಸಿವಿಗೆ ಆ ಭೇದ ಇಲ್ಲ ಅಂದರು. ಮೂರನೇ ತಿಂಗಳ ಅಕ್ಕಿ ಬೇಳೆ ನಮ್ಮದು.

ಮಂಡಿ ಮೊಹಲ್ಲಾ ಮೇಷ್ಟ್ರು · ಬೆಳಿಗ್ಗೆ 9:00

ಮಕ್ಕಳ ಈ ಅವಧಿಯ ಸ್ಕೂಲ್ ಫೀಸು ನಾನು ಕಟ್ಟುತ್ತೇನೆ. ಪಿಂಚಣಿ ಬರುತ್ತದೆ, ನನಗೆ ತೊಂದರೆ ಇಲ್ಲ. ಇದನ್ನು ಇಲ್ಲಿ ಬರೆಯುತ್ತಿರುವುದು ಬೇರೆಯವರೂ ಕೈಜೋಡಿಸಲಿ ಅಂತ. ನೀತಿ ಬಿಡಬೇಡ ಅಂತ ಪೀಠದಿಂದ ಹೇಳಿ, ಅದರ ಬೆಲೆಯನ್ನು ಒಬ್ಬನ ತಲೆಗೆ ಕಟ್ಟುವುದನ್ನು ನಾನು ಜೀವನ ಪೂರ್ತಿ ನೋಡಿದ್ದೇನೆ. ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿ ಅವರಲ್ಲಿ ಕೊರತೆ ಇದ್ದವರು ಒಬ್ಬರೂ ಇರಲಿಲ್ಲ ಅಂತ ಇದೆ. ಯಾಕೆ ಇರಲಿಲ್ಲ ಅಂದರೆ ಇದ್ದವರು ತಂದು ಇಟ್ಟರು.

ಹೊಸ ಬೆಳಕು · ಬೆಳಿಗ್ಗೆ 9:20

ನಾಳೆಯೇ ಬಿಡಿ ಅಂತ ಮೊದಲು ಹೇಳಿದವನು ನಾನು. ನನ್ನ ಈ ತಿಂಗಳ ದಶಮಾಂಶ, ಅಂದರೆ ದೇವರಿಗೆ ಎತ್ತಿಡುವ ಹತ್ತನೇ ಒಂದು ಪಾಲು, ನಿಮ್ಮ ಸಂಘದ ಕಂತಿಗೆ. ದೊಡ್ಡ ಮೊತ್ತ ಅಲ್ಲ, ಎರಡು ಸಾವಿರದ ಇನ್ನೂರು.

ಲೆಕ್ಕ ಪಕ್ಕಾ · ಬೆಳಿಗ್ಗೆ 10:05

ನನಗೆ ಗೊತ್ತಿರುವ ವಕೀಲರೊಬ್ಬರು ಶನಿವಾರ ಮಂಡ್ಯದಲ್ಲಿ ಇರುತ್ತಾರೆ. ದೂರು ಕೊಡುವ ಮೊದಲು ಅವರನ್ನು ನೋಡಿ. ನಂಬರ್ ಖಾಸಗಿಯಾಗಿ ಕಳಿಸಿದ್ದೇನೆ. ಇನ್ನೊಂದು, ಯಾವ ದಿನದಿಂದ ಕಡಿತ ಶುರುವಾಯಿತು ಅಂತ ನೆನಪಿರುವಷ್ಟು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಈಗಲೇ.

ತೂಕದ ಚೀಟಿ · ಭಾನುವಾರ ಸಂಜೆ 5:30

ಶನಿವಾರ ವಕೀಲರನ್ನು ಕಂಡೆ. ಒಂದು ಗಂಟೆ ಮಾತಾಡಿದರು, ನನಗಿರುವ ತೊಂದರೆಯನ್ನೂ ಮುಚ್ಚಿಡದೆ ಹೇಳಿದರು. ಆಮೇಲೆ ಮಾಲೀಕರ ಮನೆಗೆ ಹೋದೆ. ಮೊದಲು ಅವರಿಗೇ ಹೇಳಬೇಕು ಅನ್ನಿಸಿತು. ತೂಕ ಸರಿ ಮಾಡಿ, ಇಲ್ಲದಿದ್ದರೆ ನಾನು ಇಲಾಖೆಗೆ ಬರೆದುಕೊಡುತ್ತೇನೆ, ನಿಮ್ಮ ಸಾಲ ತಿಂಗಳು ತಿಂಗಳು ತೀರಿಸುತ್ತೇನೆ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾಳೆಯಿಂದ ಬರಬೇಡ ಅಂದರು. ಕಾಫಿ ತಂದಿದ್ದ ಅವರ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು.

ಇವತ್ತು ಆರಾಧನೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಆಮೇಲೆ ನಮ್ಮ ಚರ್ಚಿನ ಅಯ್ಯನವರಿಗೆ ಎಲ್ಲ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಸುಮ್ನೆ ಕೂತರು. ಹೋಗುವಾಗ 'ನಿನ್ನ ಸರದಿ ಬಂದಾಗ ಪಾಠ ನೀನೇ ಓದಬೇಕು' ಅಂದರು.

ನಾಳೆ ಬೆಳಿಗ್ಗೆ 11ಕ್ಕೆ ದೂರು ಕೊಡಲು ಹೋಗುತ್ತಿದ್ದೇನೆ. ಕಬ್ಬಿನ ಗದ್ದೆಯವರೇ, ನೀವು ಜೊತೆಗೆ ಬರುತ್ತೀರಾ? ಒಬ್ಬನೇ ಹೋಗಲು ಧೈರ್ಯ ಸಾಲುತ್ತಿಲ್ಲ.

ಕಬ್ಬಿನ ಗದ್ದೆ · ಭಾನುವಾರ ಸಂಜೆ 6:05

ಬರುತ್ತೇನೆ. ಹತ್ತೂವರೆಗೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ನನ್ನ ಹತ್ತಿರ ಎರಡು ವರ್ಷದ ಚೀಟಿ ಎಲ್ಲ ಇದೆ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಬೇರೆ ಜಾಗದ್ದೇ ಇರಬಹುದು, ಆದರೂ ತರುತ್ತೇನೆ. ತಿಂಡಿ ತಿಂದು ಬನ್ನಿ, ಕಚೇರಿಯಲ್ಲಿ ಎಷ್ಟು ಹೊತ್ತು ಕಾಯಿಸುತ್ತಾರೋ.